ಸೀರಿಯಲ್ ನೋಡಿ, ತೂಗಿ, ಬರೆಯಿರಿ: ಕ್ರೈಸ್ತ ಕುಟುಂಬಕ್ಕೆ ಎಂಟು ಸೂತ್ರಗಳು

ದೊಡ್ಡಗಾಜನೂರು ತಮಿಳುನಾಡಿನ ಈರೋಡ್ ಜಿಲ್ಲೆಗೆ ಸೇರಿದ ಊರು. ಮನೆಮಾತು ಮಾತ್ರ ಕನ್ನಡ. ಸುತ್ತ ಕಾಡು, ಆನೆಗಳ ಓಡಾಟ. ಈ ಊರಿರುವ ತಾಳವಾಡಿ ಬೆಟ್ಟದಲ್ಲಿ ಕತ್ತಲಾದರೆ ಜನ ಮನೆ ಸೇರುತ್ತಾರೆ, ಟಿವಿ ಹಾಕುತ್ತಾರೆ. ಅತ್ತ ಕನ್ನಡದ ಧಾರಾವಾಹಿ, ಇತ್ತ ತಮಿಳಿನದು. ಇಂಥ ಕಡೆಯ ಕ್ರೈಸ್ತ ಮನೆಗೆ ‘ಟಿವಿ ನೋಡಬೇಡಿ’ ಎಂಬ ಉಪದೇಶದಿಂದ ಪ್ರಯೋಜನವಿಲ್ಲ. ಯಾವುದನ್ನು, ಯಾರೊಂದಿಗೆ, ಏಕೆ ನೋಡಬೇಕು ಎಂದು ಹೇಳುವವರು ಬೇಕು. ಸಭೆಯ ಪತ್ರಿಕೆಗೋ ಯುವಜನರ ಕೂಟಕ್ಕೋ ಆ ಕೆಲಸ ಮಾಡಹೊರಟವರಿಗೆ ಈ ಸೂತ್ರಗಳು.

1. ಪ್ರೋಮೊ ನೋಡಿ ತೀರ್ಪು ಕೊಡಬೇಡಿ.
ಕೇಳಿಸಿಕೊಳ್ಳುವ ಮೊದಲೇ ಉತ್ತರ ಕೊಡುವುದು ಮೂರ್ಖತನ ಎನ್ನುತ್ತದೆ ಜ್ಞಾನೋಕ್ತಿಗಳು 18:13. ಪ್ರೋಮೊ ಇರುವುದೇ ಕೆಣಕುವುದಕ್ಕೆ. ಮೊದಲ ಕೆಲವು ಕಂತುಗಳನ್ನು ನೋಡಿ, ಆಮೇಲೆ ಈಗ ಓಡುತ್ತಿರುವ ಒಂದು ವಾರದ ಕಂತುಗಳನ್ನು ಬಿಡದೆ ನೋಡಿ. ಕಥೆ ಹೊರಟದ್ದೆಲ್ಲಿಗೆ, ಬಂದು ನಿಂತದ್ದೆಲ್ಲಿ ಎಂಬುದು ಆಗ ತಿಳಿಯುತ್ತದೆ.

2. ಪಾಪಗಳನ್ನು ಎಣಿಸಬೇಡಿ, ಕಥೆ ಯಾರ ಪರ ನಿಂತಿದೆ ನೋಡಿ.
2 ಸಮುವೇಲ 11ನೇ ಅಧ್ಯಾಯದಲ್ಲಿ ವ್ಯಭಿಚಾರವಿದೆ, ಸಂಚಿದೆ, ಕೊಲೆಯಿದೆ. 12ರಲ್ಲಿ ಪ್ರವಾದಿ ನಾತಾನ ಬಂದು ರಾಜ ದಾವೀದನ ಮುಖಕ್ಕೇ ಸತ್ಯ ಹೇಳುತ್ತಾನೆ. ಹಾಗಾಗಿ ಕೆಟ್ಟದ್ದನ್ನು ತೋರಿಸಿದ್ದೇ ತಪ್ಪಲ್ಲ. ಕೆಟ್ಟದ್ದಕ್ಕೆ ಚಪ್ಪಾಳೆ ತಟ್ಟಿಸಿದ್ದಾರೆಯೇ, ಅದರಿಂದ ನೊಂದವರನ್ನು ಮರೆತಿದ್ದಾರೆಯೇ ಎಂದು ಕೇಳಿ.

3. ‘ಶುದ್ಧವೇ?’ ಎನ್ನುವ ಮೊದಲು ‘ನಿಜವೇ?’ ಎನ್ನಿ.
ಫಿಲಿಪ್ಪಿಯವರಿಗೆ 4:8 ಒಳ್ಳೆಯ ಅಳತೆಗೋಲು. ಅದರ ಪಟ್ಟಿಯಲ್ಲಿ ಸತ್ಯ ಮೊದಲು, ಶುದ್ಧತೆ ಆಮೇಲೆ. ನಾವು ಉಡುಪಿನ ಉದ್ದ ಅಳೆಯುವುದರಲ್ಲೇ ನಿಂತುಬಿಡುತ್ತೇವೆ. ಮೈತುಂಬ ರೇಷ್ಮೆ ಉಟ್ಟ ಅತ್ತೆ ಸೊಸೆಯ ಹಾಲಿಗೆ ವಿಷ ಬೆರೆಸುವ ಕಥೆಯಲ್ಲಿ ಉಡುಪಿನ ತಕರಾರಿಲ್ಲ. ಸಂಸಾರವೆಂದರೆ ಸಂಚು ಎಂಬ ಸುಳ್ಳು ಮಾತ್ರ ದಿನವೂ ಮನೆಗೆ ಬರುತ್ತದೆ.

4. ಕ್ಷಮೆಯನ್ನೂ ಸಹನೆಯನ್ನೂ ಬೆರೆಸಬೇಡಿ.
2021ರ ಡಿಸೆಂಬರಿನಲ್ಲಿ ಜೀ ಕನ್ನಡದಲ್ಲಿ ಶುರುವಾದ ‘ಪುಟ್ಟಕ್ಕನ ಮಕ್ಕಳು’ ನೋಡಿ. ಗಂಡ ಇನ್ನೊಂದು ಮದುವೆಯಾಗಿ ಬಿಟ್ಟುಹೋದ ಹೆಂಗಸು ಮೆಸ್ ನಡೆಸಿ ಮೂವರು ಹೆಣ್ಣುಮಕ್ಕಳನ್ನು ಸಾಕುತ್ತಾಳೆ. ಪುಟ್ಟಕ್ಕನ ಪಾತ್ರ ಉಮಾಶ್ರೀ ಅವರದು. ‘ಎರಡನೇ ಮದುವೆಯ ಕಥೆ, ಬೇಡ’ ಎಂದು ಬರೆದರೆ ಆ ತಾಯಿಯ ದುಡಿಮೆಯ ಘನತೆ ಕೈತಪ್ಪಿಹೋಗುತ್ತದೆ. ಯಾವ ಧಾರಾವಾಹಿಗಾದರೂ ಎರಡು ಪ್ರಶ್ನೆ ಹಾಕಿ: ಕೆಡುಕು ಮಾಡಿದವರಿಗೆ ಮನಸ್ಸು ತಿರುಗಿಸಿಕೊಳ್ಳಲು ದಾರಿ ಇಟ್ಟಿದ್ದಾರೆಯೇ? ಏಟು ತಿಂದು ಸುಮ್ಮನಿರುವುದನ್ನೇ ಹೆಣ್ಣಿನ ಗುಣ ಎನ್ನುತ್ತಾರೆಯೇ? ಎರಡನೆಯದಕ್ಕೆ ಉತ್ತರ ‘ಹೌದು’ ಎಂದಾದರೆ ಮುಲಾಜಿಲ್ಲದೆ ಬರೆಯಿರಿ. ಏಟು ಸಹಿಸಿಕೊಳ್ಳುವುದು ಕ್ಷಮೆಯಲ್ಲ.

5. ನೆರೆಯವರ ಭಕ್ತಿಗೆ ಗೌರವ ಕೊಡಿ.
ಕನ್ನಡ ಧಾರಾವಾಹಿಯಲ್ಲಿ ಪೂಜೆ, ವ್ರತ, ಅರಿಶಿನ ಕುಂಕುಮ ಇದ್ದೇ ಇರುತ್ತವೆ. ಅವು ಪಕ್ಕದ ಮನೆಯವರ ಬದುಕು. ಅಂಕ ಕಳೆಯಲು ಕಾರಣವಲ್ಲ. ಮಾಟಮಂತ್ರ ತೋರಿಸಿ ಹೆದರಿಸುವುದು ಬೇರೆ ಮಾತು, ಅದನ್ನು ಟೀಕಿಸಿ. ಕ್ರೈಸ್ತನೆಂದರೆ ಕುಡುಕ ಎಂಬ ಹಳೇ ಸಿನಿಮಾ ಗೇಲಿಯನ್ನೂ ಬಿಡಬೇಡಿ. ಧರ್ಮ, ಸಮುದಾಯಗಳ ಮೇಲಿನ ದಾಳಿಯನ್ನು 1994ರ ಕೇಬಲ್ ಟೆಲಿವಿಷನ್ ನಿಯಮಗಳ ಕಾರ್ಯಕ್ರಮ ಸಂಹಿತೆ ನಿಷೇಧಿಸಿದೆ. ಆ ರಕ್ಷಣೆ ನಮಗೊಬ್ಬರಿಗೇ ಅಲ್ಲ, ಎಲ್ಲರಿಗೂ.

6. ವಯಸ್ಸು ನಮೂದಿಸಿ.
2021ರ ಐಟಿ ನಿಯಮಗಳ ಪ್ರಕಾರ ಒಟಿಟಿ ಕಾರ್ಯಕ್ರಮಗಳಿಗೆ 7+, 13+, 16+ ಎಂಬ ವರ್ಗಗಳಿವೆ; 13+ ಮತ್ತು ಅದಕ್ಕೆ ಮೇಲ್ಪಟ್ಟವಕ್ಕೆ ಪೋಷಕರು ಬೀಗ ಹಾಕುವ ಸೌಲಭ್ಯ ಇರಲೇಬೇಕು. ಅದೇ ಅಂಕಿಗಳನ್ನು ನಿಮ್ಮ ವಿಮರ್ಶೆಯಲ್ಲೂ ಬಳಸಿ. ಮೊಬೈಲಿನಲ್ಲಿ ಬೀಗ ಹಾಕುವುದನ್ನು ಅಜ್ಜಿ ತಾತಂದಿರಿಗೂ ತೋರಿಸಿಕೊಡಿ.

7. ಒಳ್ಳೆಯದಕ್ಕೆ ಶಿಲುಬೆಯ ಗುರುತು ಹುಡುಕಬೇಡಿ.
ದೊಡ್ಡಗಾಜನೂರಿನವರೇ ಆದ ಡಾ. ರಾಜ್‌ಕುಮಾರ್ ಅವರ ‘ಜೀವನ ಚೈತ್ರ’ (1992) ಹಳ್ಳಿ ಹಾಳುಮಾಡುವ ಸಾರಾಯಿಯ ವಿರುದ್ಧ ನಿಂತ ಚಿತ್ರ. ಅದು ಟಿವಿಯಲ್ಲಿ ಬಂದರೆ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ನೋಡಿ ಎಂದು ಧಾರಾಳವಾಗಿ ಬರೆಯಬಹುದು. ಹಾಗೆಯೇ ಬೈಬಲ್ ಕಥೆ ಎಂಬ ಒಂದೇ ಕಾರಣಕ್ಕೆ ಕಳಪೆ ನಟನೆ, ಕೃತಕ ಮಾತುಗಳನ್ನು ಹೊಗಳಬೇಡಿ. ಓದುಗರು ನಿಮ್ಮ ಮಾತು ನಂಬುವುದು ನೀವು ನಮ್ಮವರನ್ನೂ ತೂಗಿದಾಗಲೇ.

8. ನಿಷೇಧ ಹಾಕಬೇಡಿ, ಪ್ರಶ್ನೆ ಕೊಡಿ.
1936ರಲ್ಲಿ ಪೋಪ್ ಹನ್ನೊಂದನೇ ಪಯಸ್ ಸಿನಿಮಾ ಕುರಿತ ತಮ್ಮ ವಿಶ್ವಪತ್ರದಲ್ಲಿ ನೋಡಬಹುದಾದ, ನೋಡಬಾರದ ಚಿತ್ರಗಳ ಪಟ್ಟಿ ಬೇಕೆಂದರು. 1963ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆಯ ಮಾಧ್ಯಮ ದಾಖಲೆ, ವಿವೇಚಿಸಿ ಆರಿಸಿಕೊಳ್ಳುವ ಹೊಣೆ ನೋಡುಗರದೂ ಹೌದೆಂದಿತು. ವಿಮರ್ಶಕರು ಆ ಹೊಣೆ ಹೊರಲು ಕಲಿಸಬೇಕು. ಬರಹ ಒಂದು ಪುಟ ಮೀರದಿರಲಿ: ಕಥೆ ಎರಡು ಸಾಲು, ಮೆಚ್ಚಿದ್ದು, ಮೆಚ್ಚದ್ದು, ವಯಸ್ಸು. ಕೊನೆಗೆ ಕುಟುಂಬ ಪ್ರಾರ್ಥನೆಯ ನಂತರ ಮಾತಾಡಲು ಒಂದು ಪ್ರಶ್ನೆ: ‘ಇವತ್ತಿನ ಕಂತಿನಲ್ಲಿ ಯಾರಿಗೆ ಅನ್ಯಾಯವಾಯಿತು? ನೀನಾಗಿದ್ದರೆ ಏನು ಮಾಡುತ್ತಿದ್ದೆ?’ ಈ ಪ್ರಶ್ನೆಗೆ ಹತ್ತು ವರ್ಷದ ಮಗಳು ತನ್ನದೇ ಉತ್ತರ ಹೇಳತೊಡಗಿದರೆ ನಿಮ್ಮ ವಿಮರ್ಶೆ ಗೆದ್ದಂತೆ. ಮುಂದೆ ನೀವು ಹೇಳದ ಧಾರಾವಾಹಿಯನ್ನೂ ಅವಳೇ ತೂಗಿ ನೋಡುತ್ತಾಳೆ.