ಸುಣ್ಣದಂಶ ಹೆಚ್ಚಾದರೆ ಮುದ್ದೆ ಬಿಡಬೇಕೇ?

ಪ್ರಶ್ನೆ: ನಮ್ಮ ತಾಯಿಗೆ 56 ವರ್ಷ. ಎರಡು ವರ್ಷದಲ್ಲಿ ಎರಡು ಸಲ ಕಿಡ್ನಿ ಕಲ್ಲಾಗಿದೆ. ಮೈಕೈ ನೋವು, ಸುಸ್ತು ಬೇರೆ. ರಕ್ತದಲ್ಲಿ ಕ್ಯಾಲ್ಸಿಯಂ 11.4 ಬಂದಿದೆ. ರಾಗಿ ಮುದ್ದೆ, ಹಾಲು ಬಿಡಿಸಿ ಎನ್ನುತ್ತಾರೆ ನೆಂಟರು. ಬಿಡಿಸಬೇಕೇ?
– ಓದುಗರು, ಕೋರ, ತುಮಕೂರು ತಾಲ್ಲೂಕು

ಉತ್ತರ: ಬೇಡ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶ ಇರುವುದು ನಿಜ. ಆದರೂ ಮೂರು ಹೊತ್ತು ಮುದ್ದೆ ಉಣ್ಣುವವರ ರಕ್ತದಲ್ಲೂ ಅದು 8.5ರಿಂದ 10.5ರ ಆಸುಪಾಸಿನಲ್ಲೇ ಇರುತ್ತದೆ. ಆ ಮಟ್ಟ ಕಾಯುವ ಕೆಲಸ ಕುತ್ತಿಗೆಯಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳದು. ಸಾಮಾನ್ಯವಾಗಿ ನಾಲ್ಕು, ಒಂದೊಂದೂ ಅಕ್ಕಿಕಾಳಿನಷ್ಟು.

ರಕ್ತದಲ್ಲಿ ಸುಣ್ಣದಂಶ ಕೊಂಚ ಇಳಿದರೆ ಸಾಕು, ಇವು ಪಿಟಿಎಚ್ ಎಂಬ ಹಾರ್ಮೋನು ಬಿಡುತ್ತವೆ. ಅದು ಮೂಳೆಯಿಂದ ಸುಣ್ಣದಂಶ ಬಿಡಿಸುತ್ತದೆ, ಮೂತ್ರದಲ್ಲಿ ಹೋಗುವುದನ್ನು ಕಿಡ್ನಿಯಲ್ಲೇ ತಡೆಯುತ್ತದೆ, ಡಿ ವಿಟಮಿನ್ನನ್ನು ಚುರುಕುಗೊಳಿಸಿ ಕರುಳು ಹೆಚ್ಚು ಹೀರುವಂತೆ ಮಾಡುತ್ತದೆ. ಮಟ್ಟ ಸರಿಹೋದರೆ ಗ್ರಂಥಿ ಸುಮ್ಮನಾಗುತ್ತದೆ.

ಹಸು ಕಟ್ಟಿದವರು ಇದರ ಒಂದು ಮುಖವನ್ನು ಕೊಟ್ಟಿಗೆಯಲ್ಲೇ ಕಂಡಿರುತ್ತಾರೆ. ಹೆಚ್ಚು ಹಾಲಿನ ಸೀಮೆಹಸು ಕರು ಹಾಕಿದ ಒಂದೆರಡು ದಿನದಲ್ಲಿ ಏಳಲಾರದೆ, ಕತ್ತನ್ನು ಪಕ್ಕೆಗೆ ಹೊರಳಿಸಿ ಮಲಗಿಬಿಡುತ್ತದೆ. ಕಿವಿ ಮುಟ್ಟಿದರೆ ತಣ್ಣಗೆ. ಹೆಸರು ಹಾಲುಜ್ವರ, ಜ್ವರ ಇರುವುದಿಲ್ಲ. ಗಿಣ್ಣುಹಾಲಿಗೆ ಹರಿದುಹೋದ ಸುಣ್ಣದಂಶವನ್ನು ಅಷ್ಟೇ ಬೇಗ ತುಂಬಿಕೊಡಲು ಹಾರ್ಮೋನಿಗೆ ಆಗಿರುವುದಿಲ್ಲ. ಪಶುವೈದ್ಯರು ರಕ್ತನಾಳಕ್ಕೆ ನಿಧಾನವಾಗಿ ಕ್ಯಾಲ್ಸಿಯಂ ಏರಿಸಿದರೆ ಬಹುತೇಕ ಹಸುಗಳು ಎದ್ದು ನಿಲ್ಲುತ್ತವೆ.

ತಾಯಿಯವರಲ್ಲಿ ಆಗಿರಬಹುದಾದದ್ದು ಇದಕ್ಕೆ ತದ್ವಿರುದ್ಧ: ಒಂದು ಗ್ರಂಥಿ ಗಡ್ಡೆಯಾಗಿ, ಬೇಡದಿದ್ದರೂ ಹಾರ್ಮೋನು ಸುರಿಸುತ್ತಿರಬಹುದು. ಆಗ ಮೂಳೆ ಸವೆಯುತ್ತದೆ, ಕಿಡ್ನಿಯಲ್ಲಿ ಕಲ್ಲು ಕಟ್ಟುತ್ತದೆ. ಊಟದಲ್ಲಿ ಸುಣ್ಣದಂಶ ತೀರಾ ಕಡಿಮೆ ಮಾಡಿದರೆ ಆ ಗ್ರಂಥಿ ಮೂಳೆಯನ್ನೇ ಇನ್ನಷ್ಟು ಕರಗಿಸೀತು.

1925ರಲ್ಲಿ ವಿಯೆನ್ನಾದ ಶಸ್ತ್ರವೈದ್ಯ ಫೆಲಿಕ್ಸ್ ಮಾಂಡ್ಲ್, ಇಂಥದ್ದೇ ಗಡ್ಡೆಯಿಂದ ಮೂಳೆ ಮುರಿದು ಬಿದ್ದಿದ್ದ ಟ್ರಾಂ ಕೆಲಸಗಾರನೊಬ್ಬನಿಗೆ ಮೊದಲು ಹೊರಗಿನ ಗ್ರಂಥಿಯನ್ನೇ ಕಸಿ ಮಾಡಿದರು. ಗುಣವಾಗಲಿಲ್ಲ. ಅವನದೇ ಗಡ್ಡೆಯನ್ನು ತೆಗೆದ ಮೇಲೆ ಚೇತರಿಸಿಕೊಂಡ.

ತಾಯಿಯವರಿಗೆ ಈಗ ಒಂದೇ ಸಲ ತೆಗೆದ ರಕ್ತದಲ್ಲಿ ಕ್ಯಾಲ್ಸಿಯಂ, ಪಿಟಿಎಚ್ ಎರಡನ್ನೂ ನೋಡಿಸಬೇಕು. ಜೊತೆಗೆ ಡಿ ವಿಟಮಿನ್, ಕ್ರಿಯಾಟಿನಿನ್. ಕ್ಯಾಲ್ಸಿಯಂ ಏರಿದಾಗ ಪಿಟಿಎಚ್ ಇಳಿಯಬೇಕು. ಇಳಿಯದೆ 'ನಾರ್ಮಲ್' ಎಂದು ಬಂದರೂ ಅನುಮಾನಿಸಬೇಕು, ಬಹಳ ಮನೆಗಳಲ್ಲಿ ರಿಪೋರ್ಟು ಮಡಚಿಡುವುದು ಇಲ್ಲೇ. ತೀರಾ ಇಳಿದಿದ್ದರೆ ಕಾರಣ ಬೇರೆಡೆ ಹುಡುಕಬೇಕು. ನುಂಗುತ್ತಿರುವ ಮಾತ್ರೆಗಳನ್ನೆಲ್ಲ ವೈದ್ಯರಿಗೆ ತೋರಿಸಿ; ಕ್ಯಾಲ್ಸಿಯಂ ಮಾತ್ರೆ, ಬಿ.ಪಿ.ಯ ಕೆಲವು ಮಾತ್ರೆಗಳೂ ಮಟ್ಟ ಏರಿಸುತ್ತವೆ. ವಾಂತಿ, ವಿಪರೀತ ಬಾಯಾರಿಕೆ, ಮಂಕು ಕಂಡರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.