ಲೋಹದ ಪಾನಪಾತ್ರೆಗಳ ಮೇಲೆ ಲೇಸರ್ ಕೆತ್ತನೆ

ಉಡುಗೊರೆಯಾಗಿ ಕೊಡುವ ಸ್ಟೀಲ್ ಲೋಟ, ತಂಬಿಗೆಗಳ ಮೇಲೆ ಹೆಸರು ಹಾಕಿಸುವ ರೂಢಿ ಕನ್ನಡಿಗರ ಮನೆಗಳಲ್ಲಿ ಹಳೆಯದು. ಪಾತ್ರೆ ಅಂಗಡಿಯ ಕೆಲಸಗಾರನು ಅದುರುವ ಸೂಜಿಯಿಂದ ಚುಕ್ಕಿ ಚುಕ್ಕಿಯಾಗಿ ಅಕ್ಷರ ಮೂಡಿಸುತ್ತಿದ್ದನು. ಈಗ ಅದೇ ಕಾರ್ಯವನ್ನು ಲೇಸರ್ ಕಿರಣದಿಂದಲೂ ಮಾಡಲಾಗುತ್ತಿದೆ.

ಎರಡು ಬಗೆಯ ಯಂತ್ರಗಳು

ಥಿಯೋಡರ್ ಮೈಮನ್ ಅವರು 1960ರಲ್ಲಿ ಪ್ರಥಮ ಲೇಸರನ್ನು ನಿರ್ಮಿಸಿದರು. 1964ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಇಂಗಾಲದ ಡೈಆಕ್ಸೈಡ್ ಲೇಸರನ್ನು ರೂಪಿಸಿದವರು ಮಹಾರಾಷ್ಟ್ರದ ಬಾರಾಮತಿಯಲ್ಲಿ ಜನಿಸಿ ಪುಣೆಯಲ್ಲಿ ಎಂಜಿನಿಯರಿಂಗ್ ವ್ಯಾಸಂಗ ಮಾಡಿದ ಕುಮಾರ್ ಪಟೇಲ್ ಅವರು. ಇದರ ಕಿರಣದ ತರಂಗದೂರ ಸುಮಾರು 10.6 ಮೈಕ್ರೋಮೀಟರ್. ಬರಿಯ ಸ್ಟೀಲ್ ಈ ಕಿರಣದ ಬಹುಪಾಲನ್ನು ಹಿಂದಕ್ಕೆ ಪ್ರತಿಫಲಿಸುತ್ತದೆ. ಆದರೆ ಬಣ್ಣದ ಲೇಪವು ಅದನ್ನು ಹೀರಿಕೊಂಡು ಆವಿಯಾಗುತ್ತದೆ. ಆದ್ದರಿಂದ ಪೌಡರ್ ಕೋಟಿಂಗ್ ಮಾಡಿದ ಬಾಟಲಿಗಳಿಗೆ ಈ ಯಂತ್ರ ಸೂಕ್ತ. ಲೇಪ ಹೋದ ಕಡೆ ಹೊಳೆಯುವ ಸ್ಟೀಲ್ ಕಾಣಿಸಿ ಚಿತ್ರ ಮೂಡುತ್ತದೆ.

ಫೈಬರ್ ಲೇಸರಿನ ಕಿರಣವು ಸುಮಾರು 1.06 ಮೈಕ್ರೋಮೀಟರ್ ತರಂಗದೂರದ್ದು. ಇದನ್ನು ಲೋಹವು ಹೆಚ್ಚು ಹೀರಿಕೊಳ್ಳುವುದರಿಂದ ಬರಿಯ ಸ್ಟೀಲಿನ ಮೇಲೂ ಗುರುತು ಮೂಡಿಸಬಹುದು. ಮೇಲ್ಮೈಯನ್ನು ಹದವಾಗಿ ಕಾಯಿಸಿದರೆ ಕಪ್ಪು ಆಕ್ಸೈಡ್ ಪದರ ಉಂಟಾಗುತ್ತದೆ. ಶಕ್ತಿ ಹೆಚ್ಚಿಸಿದರೆ ಲೋಹವೇ ಸವೆದು ಕುಳಿ ಬೀಳುತ್ತದೆ. ದುಂಡನೆಯ ಪಾತ್ರೆಯನ್ನು ತಿರುಗುವ ಹಿಡಿಕೆಗೆ ಸಿಕ್ಕಿಸಿ, ಚಿತ್ರಕ್ಕೆ ಅನುಗುಣವಾಗಿ ಸುತ್ತಿಸಲಾಗುತ್ತದೆ.

ತುಕ್ಕು ಏಕೆ ಹಿಡಿಯುತ್ತದೆ?

ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಕನಿಷ್ಠ 10.5 ಶೇಕಡಾ ಕ್ರೋಮಿಯಂ ಇರುತ್ತದೆ. ಅದರಿಂದುಂಟಾಗುವ ಅತಿ ತೆಳುವಾದ ಆಕ್ಸೈಡ್ ಪೊರೆಯೇ ಲೋಹಕ್ಕೆ ರಕ್ಷಣೆ. ಲೇಸರಿನ ಕಾವು ಮಿತಿಮೀರಿದರೆ ಈ ಪೊರೆ ಕೆಡುತ್ತದೆ, ಆ ಸ್ಥಳದಲ್ಲಿ ತುಕ್ಕು ಕಾಣಿಸಬಹುದು. ಆದುದರಿಂದ ಪಾತ್ರೆಯ ಒಳಮೈ ಹಾಗೂ ತುಟಿ ತಾಗುವ ಅಂಚನ್ನು ಬಿಟ್ಟು ಕೆತ್ತಿಸುವುದು ಒಳ್ಳೆಯದು. ಕೆತ್ತಿದ ಭಾಗವನ್ನು ಕಬ್ಬಿಣದ ನಾರಿನಿಂದ ಉಜ್ಜಬಾರದು; ಉಪ್ಪುನೀರು ಅಥವಾ ಬ್ಲೀಚಿಂಗ್ ದ್ರಾವಣದಲ್ಲಿ ನೆನೆಯಿಡಬಾರದು. ಎರಡು ಗೋಡೆಗಳ ನಡುವೆ ನಿರ್ವಾತವಿರುವ ಬಾಟಲಿಯ ಹೊರಗೋಡೆ ತೆಳುವಾಗಿರುತ್ತದೆ. ಅದನ್ನು ಆಳವಾಗಿ ಕೊರೆದು ರಂಧ್ರವಾದರೆ ಗಾಳಿ ಒಳಹೊಕ್ಕು, ಬಿಸಿಯನ್ನು ಕಾಯ್ದಿಡುವ ಗುಣವೇ ನಷ್ಟವಾಗುತ್ತದೆ.

ಕಣ್ಣಿನ ರಕ್ಷಣೆ

ಈ ಎರಡೂ ಕಿರಣಗಳು ಕಣ್ಣಿಗೆ ಕಾಣುವುದಿಲ್ಲ. ಇಂಗಾಲದ ಡೈಆಕ್ಸೈಡ್ ಲೇಸರ್ ಕಣ್ಣಿನ ಹೊರಪದರವನ್ನು ಸುಡುತ್ತದೆ. ಫೈಬರ್ ಲೇಸರಿನ ಕಿರಣವು ಕಣ್ಣಿನ ಮಸೂರವನ್ನು ದಾಟಿ ಅಕ್ಷಿಪಟಲದ ಮೇಲೆ ಕೇಂದ್ರೀಕೃತವಾಗಿ, ನೋವಿಲ್ಲದೆಯೇ ಶಾಶ್ವತ ಹಾನಿಯನ್ನುಂಟುಮಾಡಬಲ್ಲದು. ಹೊಳಪುಳ್ಳ ಲೋಟದಿಂದ ಪ್ರತಿಫಲಿಸಿದ ಕಿರಣವೂ ಅಪಾಯಕಾರಿ. ಒಂದು ಬಗೆಯ ಲೇಸರಿಗೆಂದು ಮಾಡಿದ ಕನ್ನಡಕ ಮತ್ತೊಂದಕ್ಕೆ ಉಪಯುಕ್ತವೆಂದು ಭಾವಿಸಲಾಗದು. ಬಣ್ಣವಿಲ್ಲದ ಅಕ್ರಿಲಿಕ್ ಹಾಳೆ ಮೊದಲನೆಯದನ್ನು ತಡೆಯುತ್ತದೆ, ಎರಡನೆಯದನ್ನು ತಡೆಯದು. ಕೆಲಸಗಾರರು ತರಂಗದೂರ ನಮೂದಿಸಿದ ಕನ್ನಡಕವನ್ನೇ ಧರಿಸಬೇಕು, ಲೇಪ ಸುಡುವ ಹೊಗೆಯನ್ನು ಹೊರಹಾಕುವ ಏರ್ಪಾಡು ಮಾಡಿಕೊಳ್ಳಬೇಕು. ಮುಚ್ಚಳವಿಲ್ಲದ ಯಂತ್ರದ ಬಳಿ ಗ್ರಾಹಕರು, ವಿಶೇಷವಾಗಿ ಮಕ್ಕಳು, ನಿಂತು ನೋಡಬಾರದು.

ಕನ್ನಡ ಅಕ್ಷರಗಳು

ಕೆಲವು ಗಣಕ ತಂತ್ರಾಂಶಗಳಲ್ಲಿ ಒತ್ತಕ್ಷರಗಳು ಬಿಡಿಬಿಡಿಯಾಗಿ ಬೇರ್ಪಡುತ್ತವೆ. ಕನ್ನಡ ಬಾರದ ಊರಿನ ಅಂಗಡಿಯಲ್ಲಿ ಈ ತಪ್ಪು ಯಾರ ಗಮನಕ್ಕೂ ಬಾರದೆ ಹೋಗಬಹುದು. ಹೆಸರನ್ನು ಬಾಹ್ಯರೇಖೆಯ ಚಿತ್ರವಾಗಿ ಪರಿವರ್ತಿಸಿ ಕೊಡುವುದು, ಕೆತ್ತುವ ಮುನ್ನ ಪರದೆಯ ಮೇಲೆ ಒಮ್ಮೆ ಓದಿ ನೋಡುವುದು ಕ್ಷೇಮಕರ. ಲೋಹದ ಮೇಲೆ ಒಮ್ಮೆ ಬಿದ್ದ ಅಕ್ಷರವನ್ನು ಅಳಿಸುವುದು ಸುಲಭವಲ್ಲ.