ಸೋಸುವ ಬಟ್ಟೆ

ಹಾನಗಲ್ಲಿನಲ್ಲಿ ಆನೆಕೆರೆ. ಸವಣೂರಿನಲ್ಲಿ ಮೋತಿ ತಲಾಬು. ಹಿರೇಕೆರೂರಿನ ಹೆಸರಿನಲ್ಲೇ ಕೆರೆ. ಶಿಗ್ಗಾವಿಯ ಹಳ್ಳಿಗಳಲ್ಲೂ ಕೆರೆ, ಬಾವಿ. ಅಲ್ಲಿಂದ ನೀರು ಹೊತ್ತವರು ನಾವೇ. ಅದಕ್ಕೇ ನಾರುಹುಣ್ಣಿನ ಕತೆ ನಮಗೆ ಗೊತ್ತಿರಬೇಕು.

ಉತ್ತರ ಕರ್ನಾಟಕದಲ್ಲಿ ಹಿಂದೆ ಈ ರೋಗ ಇತ್ತು. ಕಾಲಿನಲ್ಲಿ ಬೊಬ್ಬೆ ಏಳುತ್ತಿತ್ತು. ಬೊಬ್ಬೆ ಒಡೆದರೆ ದಾರದಂಥ ಬಿಳಿ ಹುಳು ಹೊರಬರುತ್ತಿತ್ತು. ಉದ್ದ ಎರಡು ಮೂರು ಅಡಿ! ಕಡ್ಡಿಗೆ ಸುತ್ತಿ ದಿನಾ ಸ್ವಲ್ಪ ಸ್ವಲ್ಪ ಎಳೆಯಬೇಕು. ಹರಿದರೆ ಕಾಲು ಬಾತು ಕೀವು ತುಂಬುತ್ತಿತ್ತು. ವಾರಗಟ್ಟಲೆ ಹಾಸಿಗೆ. ಕೂಲಿಯೂ ಹೋಯ್ತು.

ಇದು ಯಾರ ಶಾಪವೂ ಅಲ್ಲ. ಹುಣ್ಣಾದವರು ಮೆಟ್ಟಿಲು ಬಾವಿಗೆ ಇಳಿದರೆ ಹುಳು ನೀರಿನಲ್ಲಿ ಮರಿ ಬಿಡುತ್ತದೆ. ಮರಿಯನ್ನು ನೀರುಚಿಗಟ ನುಂಗುತ್ತದೆ. ಆ ನೀರು ಕುಡಿದವರಿಗೆ ಸುಮಾರು ಒಂದು ವರ್ಷದ ಮೇಲೆ ಹುಣ್ಣು. ಕುಡಿದದ್ದು ಯಾರಿಗೆ ನೆನಪಿರುತ್ತದೆ?

ಇದಕ್ಕೆ ಔಷಧ ಇಲ್ಲ, ಲಸಿಕೆಯೂ ಇಲ್ಲ. ಆದರೂ ರೋಗ ಹೋಯ್ತು. 1980ರ ನಂತರ ಸರಕಾರ ಕೊಳವೆಬಾವಿ ಕೊರೆಸಿತು. ಹೆಂಗಸರು ಕೊಡದ ಬಾಯಿಗೆ ಒತ್ತು ನೇಯ್ಗೆಯ ಬಟ್ಟೆ ಕಟ್ಟಿ ನೀರು ಸೋಸಿದರು. ಚಿಗಟ ಬಟ್ಟೆಯಲ್ಲೇ ಉಳಿಯಿತು. ದೇಶದ ಕೊನೆಯ ರೋಗಿ ಕಂಡದ್ದು 1996ರಲ್ಲಿ, ರಾಜಸ್ಥಾನದಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದಲ್ಲಿ ನಾರುಹುಣ್ಣು ಇಲ್ಲ ಎಂದು ಸಾರಿತು.

ಆದರೆ ವಾಂತಿಭೇದಿಯ ಕ್ರಿಮಿ ಚಿಗಟಕ್ಕಿಂತ ಬಹಳ ಸಣ್ಣದು. ಬಟ್ಟೆಯೊಳಗೆ ನುಸುಳುತ್ತದೆ. ಅದಕ್ಕೆ ನೀರು ಕುದಿಸಲೇಬೇಕು.